ಬೀದರ್ ಬಸ್ಸಿನಿಂದ ಇಳಿದ ಅಣ್ಣನಿಗೆ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಬಾಕಿ ಉಳಿದ ಬರಹ ಇದು. ಮೂರು ಸಲ ಬರೆದೆ, ಮೂರು ಸಲ ಅಳಿಸಿದೆ. ಬರುವ ಭಾನುವಾರ ನನ್ನ ಗುರುದೀಕ್ಷೆಗೆ, ಅಂದರೆ ನಾನು ಕ್ಯಾಥೋಲಿಕ್ ಗುರು (ಫಾದರ್) ಆಗಿ, 10 ವರ್ಷ ತುಂಬುತ್ತದೆ. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಲ್ಲಿದ್ದಾಗ, ಆ ಭಾನುವಾರಕ್ಕೆ ನಾನೇ ಇರುತ್ತೇನೋ ಇಲ್ಲವೋ ಅನ್ನೋ ಹಾಗಿತ್ತು. ಏನಾಗಿತ್ತು, ಹೇಗಾಯ್ತು ಅಂತ ಮತ್ತೆ ಬರೆಯೋದಿಲ್ಲ. ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಅರ್ಧ ಜನ ನನ್ನ ರಿಪೋರ್ಟುಗಳನ್ನು ನನಗಿಂತ ಮೊದಲೇ ಓದಿದ್ದೀರಿ.

ಮೊದಲು ಒಟ್ಟಿಗೆ ಒಂದು ದೊಡ್ಡ ಥ್ಯಾಂಕ್ಸ್. ರಕ್ತ ಕೊಟ್ಟ ಹುಡುಗರಿಗೆ, ರಾತ್ರಿ ಪಾಳಿಯ ನರ್ಸ್ ಅಕ್ಕಂದಿರಿಗೆ, ದಿನಾ ತಪ್ಪದೆ ಗಂಜಿ ಕಳಿಸಿದ ಕಾನ್ವೆಂಟಿನ ಸಿಸ್ಟರುಗಳಿಗೆ, ನಾನು ನೋಡಿಕೊಳ್ಳುವ ಹಳ್ಳಿಗಳ ಪೂಜೆಯನ್ನೆಲ್ಲ ಹಂಚಿಕೊಂಡು ನಡೆಸಿದ ಜೊತೆ ಫಾದರುಗಳಿಗೆ, ಕಾರು ಡ್ರೈವರ್ ಎರಡನ್ನೂ ಬಿಟ್ಟುಕೊಟ್ಟ ಮೆಥೋಡಿಸ್ಟ್ ಚರ್ಚಿನ ಪಾಸ್ಟರಿಗೆ, ಬಂದು ಅರ್ಧ ಗಂಟೆ ಏನೂ ಮಾತಾಡದೆ ಹಾಸಿಗೆ ಪಕ್ಕ ಕೂತು ಹೋದ ನಮ್ಮ ಧರ್ಮಾಧ್ಯಕ್ಷರಿಗೆ (ಬಿಷಪ್), ನನ್ನ ಹೆಸರಲ್ಲಿ ಬಂದೇ ನವಾಜ್ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಹೋಗಿ ಬಂದ ನಮ್ಮ ಓಣಿಯವರಿಗೆ. ಬಿಲ್ಲಿನ ಹೊತ್ತಲ್ಲಿ ಕೈ ಹಿಡಿದವರು ಹೆಸರು ಹೇಳಬೇಡಿ ಅಂದಿದ್ದಾರೆ. ಹೇಳೋದಿಲ್ಲ.

ಇನ್ನು ಒಬ್ಬರು ಉಳಿದರು. ಮೂರು ಸಲ ಅಳಿಸಿದ್ದು ಅವರ ಕಾರಣಕ್ಕೇ.

ಅವರೂ ಒಂದು ಕಾಲಕ್ಕೆ ಫಾದರ್ ಆಗಿದ್ದರು. ಈಗ ಬೀದರಿನಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಹೆಂಡತಿ, ಒಬ್ಬಳು ಮಗಳು ಇದ್ದಾರೆ. ಹೆಸರು ಬೇಡ ಅಂದರು. ನಾನು ಚಿಕ್ಕವನಿದ್ದಾಗಿನಿಂದ ಅಣ್ಣ ಅಂತಲೇ ಕರೆಯೋದು, ಇಲ್ಲೂ ಹಾಗೇ ಬರೆಯುತ್ತೇನೆ. ಗುರುಸೇವೆ ಬಿಟ್ಟು ಹೋದವರಿಗೆ ಒಬ್ಬ ಫಾದರ್ ಹೀಗೆ ಹತ್ತು ಜನರ ಎದುರು ಥ್ಯಾಂಕ್ಸ್ ಹೇಳಬಹುದಾ ಅಂತ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಧರ್ಮಾಧ್ಯಕ್ಷರಿಗೆ ಹೇಳಿಯೇ ಬರೆಯುತ್ತಿದ್ದೇನೆ.

ಭಾಲ್ಕಿ ಕಡೆಯ ನಮ್ಮ ಹಳ್ಳಿಗೆ ಅಣ್ಣ ಬಂದಾಗ ನಾನು ಎಂಟನೇ ಕ್ಲಾಸು. ಫಾದರ್ ಆಗೋಕೆ ಗುರುಮಠದಲ್ಲಿ ಓದುವವರನ್ನು ಓದಿನ ನಡುವೆ ಒಂದು ವರ್ಷ ಹೊರಗೆ ಸೇವೆಗೆ ಕಳಿಸುತ್ತಾರಲ್ಲ, ಹಾಗೆ ಬಂದವರು. ಪೂಜೆಗೆ ಸಹಾಯ ಮಾಡೋದು, ಗಂಟೆ ಯಾವಾಗ ಬಾರಿಸಬೇಕು, ಧೂಪದ ಸರಪಳಿ ಕಾಲಿಗೆ ತಾಗದ ಹಾಗೆ ಹೇಗೆ ನಡೀಬೇಕು, ಎಲ್ಲ ಅವರೇ ಕಲಿಸಿದ್ದು. ಒಂದು ಸಂಜೆ ಧೈರ್ಯ ಮಾಡಿ, ನನಗೂ ಫಾದರ್ ಆಗಬೇಕು ಅನ್ನಿಸ್ತದ ಅಂದೆ. ಅವರು ನಕ್ಕರು. "ಯಾಕೋ ತಮ್ಮಾ, ಫಾದರ್ ಬಂದಾಗೆಲ್ಲ ಕೋಳಿ ಮಾಡ್ತಾರಂತ?" ಅಂದರು. ಸುಳ್ಳು ಯಾಕೆ ಹೇಳಲಿ, ಅದೂ ಒಂದು ಕಾರಣ ಇತ್ತು. ಎರಡು ವರ್ಷ ಬಿಟ್ಟು, ಮನೆಯಲ್ಲಿ ಯಾರಿಗೂ ಪೂರ್ತಿ ಮನಸ್ಸಿಲ್ಲದಾಗ, ನನ್ನ ತಗಡಿನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬೀದರ್ ಬಸ್ ಸ್ಟ್ಯಾಂಡ್ ತನಕ ಬಂದು ಬಸ್ಸಿಗೆ ಹತ್ತಿಸಿದವರೂ ಅವರೇ.

ಬೈಬಲ್ಲಿನಲ್ಲಿ ಹುಡುಗ ಸಮುವೇಲನ ಕಥೆ ಬರುತ್ತದಲ್ಲ. ರಾತ್ರಿ ಯಾರೋ ಕರೆದ ಹಾಗಾಗುತ್ತದೆ. ಎದ್ದು ಮುದುಕ ಏಲಿಯ ಹತ್ತಿರ ಓಡುತ್ತಾನೆ. ನಾನು ಕರೆದಿಲ್ಲ, ಹೋಗಿ ಮಲ್ಕೋ ಅನ್ನುತ್ತಾನೆ ಏಲಿ. ಮೂರನೇ ಸಲಕ್ಕೆ ಏಲಿಗೆ ಹೊಳೆಯುತ್ತದೆ, ಇದು ದೇವರ ಕರೆ ಅಂತ. ದೈವಕರೆಯ ಬಗ್ಗೆ ಮಕ್ಕಳಿಗೆ ಹೇಳುವಾಗ ನಾವು ಫಾದರುಗಳು ಇದನ್ನೇ ಹೇಳೋದು, ನಾನೂ ಎಷ್ಟು ಸಲ ಹೇಳಿದ್ದೀನೋ. ಆದರೆ ಏಲಿ ಅಂಥಾ ಹೆಸರುವಾಸಿ ಯಾಜಕನೇನಲ್ಲ. ಕಣ್ಣು ಮಂಜಾಗಿತ್ತು, ಮಕ್ಕಳು ಕೈಮೀರಿದ್ದರು, ಅವನ ಮನೆತನದ ಮೇಲೆ ದೇವರಿಗೇ ಸಿಟ್ಟು ಬಂದಿತ್ತು. ಅಂಥವನು ಗುರುತು ಹಿಡಿದು ಹೇಳದಿದ್ದರೆ ಹುಡುಗನಿಗೆ ಅದು ಯಾರ ದನಿ ಅಂತ ಗೊತ್ತಾಗುತ್ತಿರಲಿಲ್ಲ. ಈ ಭಾಗವನ್ನು ನಾನು ಯಾವ ಪ್ರಬೋಧನೆಯಲ್ಲೂ ಹೇಳಿರಲಿಲ್ಲ.

ನನ್ನ ದೀಕ್ಷೆಯ ದಿನ ನನಗೆ ಸ್ಟೋಲು ಅನ್ನೋ ಹೆಗಲ ಪಟ್ಟಿ, ಪೂಜೆಯ ಮೇಲುಡುಪು ತೊಡಿಸಿದ್ದು ಅಣ್ಣ. ಬಂದವರಿಗೆ ನೆನಪಿರಬಹುದು. ಸಂತರ ಹೆಸರುಗಳ ಪ್ರಾರ್ಥನೆ ನಡೆಯುವಾಗ ದೀಕ್ಷೆ ಪಡೆಯುವವನು ಬೋರಲು ಮಲಗಬೇಕು. ಹಣೆಗೆ ಶಹಾಬಾದ್ ಕಲ್ಲಿನ ತಂಪು ತಾಗುತ್ತಿತ್ತು. ಜನ ಒಂದೊಂದು ಹೆಸರಿಗೂ ಪ್ರಾರ್ಥಿಸಿರಿ ಪ್ರಾರ್ಥಿಸಿರಿ ಅಂತ ಹಾಡುತ್ತಿದ್ದರು. ಆಮೇಲೆ ಧರ್ಮಾಧ್ಯಕ್ಷರು ತಲೆಯ ಮೇಲೆ ಕೈ ಇಟ್ಟರು, ಒಂದು ಮಾತೂ ಆಡದೆ. ಅವರ ಹಿಂದೆ ಉಳಿದ ಗುರುಗಳು ಒಬ್ಬೊಬ್ಬರಾಗಿ ಬಂದು ಕೈ ಇಟ್ಟು ಹೋದರು. ಅಣ್ಣನ ಕೈ ಯಾವುದು ಅಂತ ಕಣ್ಣು ಮುಚ್ಚಿಕೊಂಡೇ ಗೊತ್ತಾಯ್ತು. ಬೇರೆಯವರಿಗಿಂತ ಜೋರಾಗಿ ಒತ್ತಿದರು, ಟ್ರಂಕು ಕಟ್ಟುವಾಗ ಒತ್ತಿದ ಹಾಗೆ.

ನಾಲ್ಕು ವರ್ಷ ಕಳೆದ ಮೇಲೆ ಅವರು ಬಿಟ್ಟರು. ಯಾಕೆ ಅನ್ನೋದು ಅವರ ಮಾತು, ನನ್ನದಲ್ಲ. ಓಡಿ ಹೋಗಲಿಲ್ಲ, ಅಷ್ಟು ಹೇಳಬಹುದು. ಅರ್ಜಿ ಹಾಕಿದರು. ಬ್ರಹ್ಮಚರ್ಯದ ಹೊಣೆಯಿಂದ ಬಿಡುಗಡೆ ಕೊಡೋದು ಪೋಪ್ ಒಬ್ಬರೇ, ಅದು ಬರೋ ತನಕ ಕಾದರು, ಆಮೇಲೆ ಚರ್ಚಿನಲ್ಲೇ ಮದುವೆ ಆದರು. ನಾನು ಹೋಗಲಿಲ್ಲ. ನಂಬರ್ ಅಳಿಸಿಬಿಟ್ಟೆ. ನನ್ನನ್ನು ಬಸ್ಸಿಗೆ ಹತ್ತಿಸಿ ತಾನು ಇಳಿದುಬಿಟ್ಟ ಅಂತ ಸಿಟ್ಟು. ಇನ್ನೊಂದು ಇದೆ, ಅದನ್ನು ಬರೆಯದಿದ್ದರೆ ಈ ಥ್ಯಾಂಕ್ಸಿಗೆ ಅರ್ಥ ಇಲ್ಲ. ಹುಮನಾಬಾದಿನಲ್ಲಿ ಒಂದು ಮದುವೆ ಪೂಜೆ, ನಾನೇ ಗುರು. ಅಣ್ಣ ಕಡೇ ಬೆಂಚಿನಲ್ಲಿ ಮಗಳನ್ನು ಹೆಗಲ ಮೇಲೆ ಮಲಗಿಸಿಕೊಂಡು ಕೂತಿದ್ದರು. ಪೂಜೆ ಮುಗಿದ ಮೇಲೆ ನೀರಿನ ನಲ್ಲಿ ಹತ್ತಿರ ನಿಂತು "ನಮಸ್ಕಾರ ಫಾದರ್" ಅಂದರು. ಅವರು ನನ್ನನ್ನು ಫಾದರ್ ಅಂದಿದ್ದು ಅದೇ ಮೊದಲು. ಕೇಳದವನ ಹಾಗೆ ಮಾಡಿ ಹಿಂದಿನ ಬಾಗಿಲಿಂದ ಹೋದೆ. ಕ್ಷಮೆಯ ಬಗ್ಗೆ ಆ ವಾರವೇ ಚೆನ್ನಾಗಿ ಪ್ರಬೋಧನೆ ಕೊಟ್ಟಿದ್ದೆ, ಜನ ಹೊಗಳಿದ್ದರು.

ನಾಲ್ಕು ತಿಂಗಳ ಹಿಂದೆ, ನಾನು ಆಸ್ಪತ್ರೆಯಲ್ಲಿ ಸಾವಿನ ಅಂಚಲ್ಲಿದ್ದ ಆ ರಾತ್ರಿ, ಅವರಿಗೆ ಫೋನ್ ಮಾಡಿದ್ದು ನನ್ನ ಅವ್ವ. ನಾನು ಅಳಿಸಿದ್ದ ನಂಬರನ್ನು ಅವ್ವ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಂಡಿದ್ದಳು. ಪ್ರತಿ ಕ್ರಿಸ್‌ಮಸ್ಸಿಗೂ ಅವರ ಮನೆಗೆ ಶೇಂಗಾ ಹೋಳಿಗೆ ಕಳಿಸುತ್ತಿದ್ದಳು, ಅದಕ್ಕೆ ನಾನು ಬೈದಿದ್ದೂ ಉಂಟು. ಮಳೆ ಸುರಿಯುತ್ತಿತ್ತು. ನಮ್ಮ ವಿಚಾರಣಾ ಗುರುಗಳು, ಅಂದರೆ ಚರ್ಚಿನ ಹೊಣೆ ಹೊತ್ತ ಫಾದರ್, ಹಳ್ಳಿಯಲ್ಲಿ ಸಿಕ್ಕಿಬಿದ್ದಿದ್ದರು, ಬೆಳಗ್ಗೆ ತನಕ ಬರುವ ಹಾಗಿರಲಿಲ್ಲ. ಡಾಕ್ಟರು ಮನೆಯವರನ್ನೆಲ್ಲ ಕರೆಸಿ ಅಂದಿದ್ದರು. ಅಣ್ಣ ಅಂಗಡಿಯ ಶಟರ್ ಎಳೆದವರೇ ಬಸ್ಸು ಹತ್ತಿದ್ದಾರೆ. ಹುಮನಾಬಾದ್, ಕಮಲಾಪುರ, ಕಲಬುರಗಿ, ನೂರು ಕಿಲೋಮೀಟರಿಗೂ ಜಾಸ್ತಿ. ಕಮಲಾಪುರದಲ್ಲಿ ಬಸ್ಸು ನಿಂತಾಗ ಕೆಂಪು ಬಾಳೆಹಣ್ಣು ತಗೊಂಡಿದ್ದಾರೆ, ಕಾಯಿಲೆಯವರನ್ನು ನೋಡೋಕೆ ಬರಿಗೈಯಲ್ಲಿ ಹೋಗಬಾರದು ಅಂತ. ನನಗೋ ನೀರು ಕೂಡ ಕೊಡುತ್ತಿರಲಿಲ್ಲ. ಆ ಹಣ್ಣು ಕಡೆಗೆ ವಾಚ್‌ಮನ್ ಪಾಲಾಯ್ತು, ಒಳಗೆ ಬಿಡೋದಿಲ್ಲ ಅಂದವನು ಬಿಟ್ಟ. ರಿಜಿಸ್ಟರಿನಲ್ಲಿ 'ಸಂಬಂಧ' ಅನ್ನೋ ಕಡೆ ಅಣ್ಣ ಏನು ಬರೆದರು ಅಂತ ಆಮೇಲೆ ಅವ್ವ ಹೇಳಿದಳು. 'ಅಣ್ಣ' ಅಂತ ಬರೆದಿದ್ದರು. ಬೆಳಗಿನ ಆಪರೇಷನ್ನಿನ ಫಾರಮ್ಮಿಗೂ ಸಹಿ ಅವರದೇ, ಅವ್ವನ ಕೈ ನಡುಗುತ್ತಿತ್ತಂತೆ.

ಸ್ಟೀಲ್ ಸ್ಟೂಲ್ ಎಳೆದುಕೊಂಡು ಕೂತರು. ಒದ್ದೆ ಅಂಗಿ. ಹೆಬ್ಬೆರಳಿಗೆಲ್ಲ ಝೆರಾಕ್ಸ್ ಮಿಷನ್ನಿನ ಕಪ್ಪು ಪುಡಿ ಮೆತ್ತಿತ್ತು. ಹುಮನಾಬಾದಿನ ವಿಷಯ ಎತ್ತಲಿಲ್ಲ. "ನೀ ಸುಮ್ ಮಲ್ಕೋ ತಮ್ಮಾ, ನಾ ಇಲ್ಲೇ ಕುಂತಿರ್ತೀನಿ" ಅಂದರು. ನನಗೆ ನಿದ್ದೆ ಬರಲಿಲ್ಲ, ಹೆದರಿಕೆ. ಹೊತ್ತು ಹೋಗಲಿ ಅಂತ ಅವರೇ ಏನೇನೋ ಹೇಳುತ್ತಿದ್ದರು, ಮಗಳ ಸ್ಕೂಲು, ಕರೆಂಟು, ಹಾಲ್ ಟಿಕೆಟ್ ತೆಗೆಸೋಕೆ ಬರೋ ಹುಡುಗರ ಗಲಾಟೆ. ಮಾತು ಎಲ್ಲಿಂದಲೋ ಆರ್ಸಿನ ಫಾದರ್ ಕಡೆ ಹೊರಳಿತು. ಸಂತ ಜಾನ್ ಮರಿಯ ವಿಯಾನ್ನಿ, ನಮ್ಮಂಥ ವಿಚಾರಣಾ ಗುರುಗಳ ಪಾಲಕ ಸಂತ, ಆಗಸ್ಟ್ 4 ಹಬ್ಬ. ಲ್ಯಾಟಿನ್ ತಲೆಗೇ ಹತ್ತದೆ ಒದ್ದಾಡಿ, 1815ರಲ್ಲಿ ಹೇಗೋ ದೀಕ್ಷೆ ಆಗಿ, 1818ರಲ್ಲಿ ಫ್ರಾನ್ಸಿನ ಆರ್ಸ್ ಅನ್ನೋ ಸಣ್ಣ ಹಳ್ಳಿಗೆ ಹೋದವರು. ಸಾಯೋ ತನಕ, ಅಂದರೆ 1859ರ ತನಕ, ಅದೇ ಹಳ್ಳಿ. ದೂರದೂರದಿಂದ ಜನ ಪಾಪನಿವೇದನೆಗೆ, ಅಂದರೆ ಪಾಪಗಳನ್ನು ಗುರುವಿನ ಮುಂದೆ ಹೇಳಿ ಕ್ಷಮೆ ಕೇಳೋಕೆ, ಬಂದು ಸಾಲು ನಿಲ್ಲುತ್ತಿದ್ದರು, ಕೆಲವು ದಿನ 16 ಗಂಟೆ ನಿವೇದನೆ ಕೇಳುವ ಪೆಟ್ಟಿಗೆಯಲ್ಲೇ ಕೂರುತ್ತಿದ್ದರಂತೆ. ಇಷ್ಟು ನಮಗೆ ಪಾಠದಲ್ಲಿತ್ತು. ಅವರು ಒಂದಕ್ಕಿಂತ ಜಾಸ್ತಿ ಸಲ ಊರು ಬಿಟ್ಟು ಓಡಿ ಹೋಗೋಕೆ ನೋಡಿದ್ದರು ಅನ್ನೋದನ್ನು ಪಾಠ ಹೇಳುವವರು ಬೇಗ ದಾಟಿಸಿಬಿಡುತ್ತಾರೆ. ನಾನು ಇದಕ್ಕೆ ಲಾಯಕ್ಕಲ್ಲ, ಯಾವುದಾದರೂ ಮಠದ ಮೂಲೆಯಲ್ಲಿ ಕೂತು ಅಳುತ್ತೇನೆ ಅಂತ ಹೊರಟವರು. ಊರವರೇ ಮತ್ತೆ ಕರೆತಂದರು.

"ಅವ್ರು ಓಡಿ ಹೋಗಿ ವಾಪಸ್ ಬಂದ್ರು ನೋಡು, ನಾ ಬರ್ಲಿಲ್ಲ" ಅಂದರು ಅಣ್ಣ. ಬೇಜಾರಿನಲ್ಲಿ ಹೇಳಿದ್ದಲ್ಲ. ಬಸ್ಸು ತಪ್ಪಿತು ಅನ್ನೋ ಹಾಗೆ ಹೇಳಿದರು.

ಆಗ ನಾನು ಪಾಪನಿವೇದನೆ ಮಾಡಬೇಕು ಅಂದೆ. ನಿಮ್ಮ ಹತ್ತಿರವೇ.

ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಸೇವೆ ಬಿಟ್ಟ ಗುರು ಪೂಜೆ ಅರ್ಪಿಸುವಂತಿಲ್ಲ, ಪ್ರಬೋಧನೆ ಮಾಡುವಂತಿಲ್ಲ, ಸ್ಟೋಲು ಹಾಕಿ ಯಾವ ಸಂಸ್ಕಾರವನ್ನೂ ನಡೆಸುವಂತಿಲ್ಲ. ಆದರೆ ಗುರುದೀಕ್ಷೆ ಅನ್ನೋದು ಒಮ್ಮೆ ಆದರೆ ಆಯ್ತು. ಕ್ರೈಸ್ತರಾಗುವಾಗ ಕೊಡುವ ದೀಕ್ಷಾಸ್ನಾನದ ಹಾಗೆ ಅದೂ ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಒತ್ತುತ್ತದೆ ಅನ್ನೋದು ಧರ್ಮಸಭೆಯ, ಅಂದರೆ ಕ್ಯಾಥೋಲಿಕ್ ಚರ್ಚಿನ, ನಂಬಿಕೆ. ಕೆಲಸ ವಾಪಸ್ ತಗೋಬಹುದು, ಮುದ್ರೆ ವಾಪಸ್ ತಗೊಳ್ಳೋಕಾಗಲ್ಲ. ಅದಕ್ಕೇ 1983ರ ಧರ್ಮಸಭೆಯ ಕಾನೂನಿನಲ್ಲಿ ಒಂದು ಸಣ್ಣ ಕಿಟಕಿ ತೆರೆದಿಟ್ಟಿದ್ದಾರೆ, 976ನೇ ನಿಯಮ. ಸಾವಿನ ಅಪಾಯದಲ್ಲಿ ಇರುವವರಿಗೆ ಯಾವ ಗುರುವಾದರೂ, ಅಧಿಕಾರ ಕಳೆದುಕೊಂಡವರಾದರೂ, ಪಾಪಕ್ಷಮೆ ಕೊಡಬಹುದು. ಅಧಿಕಾರ ಇರುವ ಗುರು ಪಕ್ಕದಲ್ಲೇ ನಿಂತಿದ್ದರೂ ಕೊಡಬಹುದು. ನಾನು ಇದನ್ನು ಪರೀಕ್ಷೆಗೆ ಓದಿದ್ದೆ. ಇದು ಯಾವತ್ತಾದರೂ ಯಾರಿಗಾದರೂ ಬೇಕಾಗುತ್ತದಾ ಅಂತ ಜೊತೆಯವರ ಹತ್ತಿರ ತಮಾಷೆ ಮಾಡಿದ್ದೂ ನೆನಪಿದೆ.

ಅಣ್ಣ ಒಂದು ನಿಮಿಷ ಸುಮ್ಮನಿದ್ದರು. ಎದ್ದು ಹೋಗಿ ಡಾಕ್ಟರ್ ಹತ್ತಿರ ಏನೋ ಕೇಳಿ ಬಂದರು. ಅಪಾಯ ನಿಜವಾಗಿ ಅಷ್ಟಿದೆಯಾ ಅಂತ ಕೇಳಿದ್ದರಂತೆ, ಅಂದರೆ ನಿಯಮ ಅವರಿಗೂ ಅಕ್ಷರಕ್ಕೆ ಅಕ್ಷರ ನೆನಪಿತ್ತು. ನರ್ಸಮ್ಮನಿಗೆ ಪರದೆ ಎಳೆಯೋಕೆ ಹೇಳಿದರು. ಬೇಸಿನ್ ಹತ್ತಿರ ಹೋಗಿ ಕೈ ತೊಳೆದರು, ತುಂಬಾ ಹೊತ್ತು ತೊಳೆದರು, ಸೋಪಿಗೂ ಆ ಕಪ್ಪು ಹೋಗಲಿಲ್ಲ.

ನಾನು ಹೇಳಿದ್ದರಲ್ಲಿ ಎರಡನ್ನು ನಿಮಗೂ ಹೇಳಬಹುದು, ಅವು ನನ್ನವೇ. ಒಂದು ಹುಮನಾಬಾದಿನ ನಲ್ಲಿ. ಇನ್ನೊಂದು, ಎರಡು ವರ್ಷದಿಂದ ನನ್ನ ದಿನಪ್ರಾರ್ಥನೆ ಪುಸ್ತಕದಲ್ಲಿ ಮಡಚಿಟ್ಟಿದ್ದ ಒಂದು ಪತ್ರ. ಬಿಡುಗಡೆ ಕೊಡಿ ಅಂತ ಧರ್ಮಾಧ್ಯಕ್ಷರಿಗೆ ಬರೆದದ್ದು. ಹೌದು, ನಾನೇ. ಅಣ್ಣನ ಮೇಲೆ ಅಷ್ಟು ಸಿಟ್ಟು ಮಾಡಿಕೊಂಡವನು. ಯಾವುದೋ ಹುಡುಗಿ ವಿಷಯ ಅಂತ ಊಹೆ ಮಾಡಬೇಡಿ, ಅಂಥದ್ದೇನಿಲ್ಲ. ಒಂಟಿತನ, ಅಷ್ಟೇ. ನಾಲ್ಕು ಹಳ್ಳಿಯ ಪೂಜೆ ಮುಗಿಸಿ ರಾತ್ರಿ ಬಂದು ಬೀಗ ತೆಗೆದು, ಬೆಳಗಿನ ರೊಟ್ಟಿಯನ್ನೇ ತಿನ್ನುವಾಗ, ಬಲಿಪೀಠದಲ್ಲಿ ಪವಿತ್ರ ರೊಟ್ಟಿಯನ್ನು ಎತ್ತಿ ಹಿಡಿದದ್ದು ಇದೇ ಕೈಯಾ ಅನ್ನಿಸುತ್ತಿತ್ತು. ನನ್ನ ಬಾಯಿಂದ ಬರುವ ಮಾತಿಗೂ ನನಗೂ ಸಂಬಂಧ ಇಲ್ಲ ಅನ್ನಿಸುತ್ತಿತ್ತು. ಇದನ್ನು ಬರೆಯೋಕೆ ಈಗಲೂ ಗಂಟಲು ಕಟ್ಟುತ್ತದೆ. ಸಾಯುತ್ತೇನೆ ಅನ್ನೋದಕ್ಕಿಂತ, ಸುಳ್ಳು ಫಾದರ್ ಆಗಿ ಸಾಯುತ್ತೇನೆ ಅನ್ನೋ ಹೆದರಿಕೆ ಜಾಸ್ತಿ ಇತ್ತು ಆ ರಾತ್ರಿ. ಅತ್ತೆ. ಚೆನ್ನಾಗಿ ಅತ್ತೆ, ಮೂಗಿನ ನಳಿಕೆಗೆಲ್ಲ ತೊಂದರೆಯಾಗಿ ಮಿಷನ್ನು ಕೂಗಿಕೊಂಡಿತು, ನರ್ಸಮ್ಮ ಓಡಿ ಬಂದು ಇಬ್ಬರಿಗೂ ಬೈದು ಹೋದರು.

ಅಣ್ಣ ಉಪದೇಶ ಮಾಡಲಿಲ್ಲ. ಪ್ರಾಯಶ್ಚಿತ್ತ ಹೇಳಿದರು. "ರೊಟ್ಟಿ ತಿನ್ನೋ ಹಂಗಾದ ದಿನ ಒಂದು ಪರಲೋಕ ಮಂತ್ರ ಹೇಳು. ತಿನ್ನೂಕಿಂತ ಮೊದ್ಲು." ಯೇಸು ಕಲಿಸಿದ ಪ್ರಾರ್ಥನೆ ಅದು. ಆಮೇಲೆ ತಲೆ ಮೇಲೆ ಕೈ ಇಟ್ಟರು. ಅದೇ ಒತ್ತು. ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ ನಾನು ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ ಅಂದರು. ಆರು ವರ್ಷದಿಂದ ಆಡದ ಮಾತು ಅದು, ಎಲ್ಲೂ ತಡವರಿಸಲಿಲ್ಲ.

ಆ ಮಾತಿನಲ್ಲಿ ಬರುವ 'ನಾನು' ಯಾರು? ಹತ್ತು ವರ್ಷ ಸಾವಿರ ಸಲ ಹೇಳಿದ್ದೇನೆ, ಹಾಸಿಗೆಯಲ್ಲಿ ಮಲಗಿ ಕೇಳಿಸಿಕೊಂಡಾಗಲೇ ಈ ಪ್ರಶ್ನೆ ಬಂದಿದ್ದು. ಝೆರಾಕ್ಸ್ ಅಂಗಡಿಯವರಂತೂ ಅಲ್ಲ. ಹಾಗಾದರೆ ನಾನು ಹೇಳುವಾಗಲೂ ಅದು ನನ್ನದಲ್ಲ. ಸಂತ ಅಗಸ್ಟೀನ್ ಕಾಲದಲ್ಲಿ ಉತ್ತರ ಆಫ್ರಿಕಾದಲ್ಲಿ ಇದೇ ಜಗಳ ಇತ್ತು. ಹಿಂಸೆಯ ದಿನಗಳಲ್ಲಿ ಹೆದರಿ ಪವಿತ್ರ ಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ ಗುರುಗಳು ಕೊಟ್ಟ ಸಂಸ್ಕಾರ ಸಂಸ್ಕಾರವೇ ಅಲ್ಲ ಅಂತ ಡೊನಾಟಿಸ್ಟರು ಹಟ ಹಿಡಿದಿದ್ದರು. ಅಗಸ್ಟೀನ್ ಒಪ್ಪಲಿಲ್ಲ. ಯೇಸುವಿನ ಹಿರಿಯ ಶಿಷ್ಯ ಪೇತ್ರ ದೀಕ್ಷಾಸ್ನಾನ ಕೊಟ್ಟರೂ ಕೊಡುವವನು ಕ್ರಿಸ್ತನೇ, ಯೇಸುವಿಗೆ ದ್ರೋಹ ಮಾಡಿದ ಯೂದ ಕೊಟ್ಟರೂ ಕ್ರಿಸ್ತನೇ ಅಂದರು. ಅದನ್ನು ಓದಿದಾಗ ನಾನು ಯಾವತ್ತೂ ಪೇತ್ರನ ಕಡೆಯೇ ಕೂತಿದ್ದೆ ಅನ್ನೋದು ಬೇರೆ ಮಾತು.

ಹಿಬ್ರಿಯರಿಗೆ ಬರೆದ ಪತ್ರದ ಐದನೇ ಅಧ್ಯಾಯವನ್ನು ದೀಕ್ಷೆಯ ಪೂಜೆಗಳಲ್ಲಿ ಓದುವುದುಂಟು. ಈ ಗೌರವವನ್ನು ಯಾರೂ ತಾನಾಗಿ ತಗೊಳ್ಳೋದಿಲ್ಲ, ಮೊದಲ ಮಹಾಯಾಜಕ ಆರೋನನ ಹಾಗೆ ದೇವರು ಕರೆಯಬೇಕು ಅಂತ ಅದರಲ್ಲಿದೆ. ನನ್ನ ದೀಕ್ಷೆಯ ಕಾರ್ಡಿಗೂ ಅದೇ ವಚನ ಹಾಕಿಸಿದ್ದೆ, ಬಂಗಾರದ ಅಕ್ಷರದಲ್ಲಿ. ಅದಕ್ಕೆ ಎರಡು ವಚನ ಮೊದಲು ಇನ್ನೊಂದಿದೆ. ಯಾಜಕ ತಾನೂ ಬಲಹೀನನಾದ್ದರಿಂದ ದಾರಿ ತಪ್ಪಿದವರ ಜೊತೆ ಮೆತ್ತಗೆ ನಡೆದುಕೊಳ್ಳಬಲ್ಲ ಅಂತ. ಕಾರ್ಡಿನ ಮೇಲೆ ಅದನ್ನು ಯಾರೂ ಹಾಕಿಸೋದಿಲ್ಲ, ಅಲ್ವಾ. ಮತ್ತೆ, ಯಾಜಕತ್ವ ನಮ್ಮೊಬ್ಬರ ಆಸ್ತಿಯೂ ಅಲ್ಲ. ದೀಕ್ಷಾಸ್ನಾನ ಆದವರೆಲ್ಲ ರಾಜವಂಶದ ಯಾಜಕರು ಅಂತ ಪೇತ್ರ ಬರೆದಿದ್ದಾನೆ, ಲೋಕದ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆಯೂ 1964ರಲ್ಲಿ ಅದನ್ನು ಎತ್ತಿ ಹೇಳಿತು. ಗುರುದೀಕ್ಷೆಯದು ಬೇರೆ ಬಗೆ, ಅದು ಈ ಜನರ ಸೇವೆಗೆ ಇರೋದು. ಕ್ಯಾಲೆಂಡರಿನ ಹಿಂದೆ ನಂಬರ್ ಉಳಿಸಿಟ್ಟ ಅವ್ವನನ್ನು ನೋಡಿದರೆ ನನಗೆ ಈ ವಿಷಯದಲ್ಲಿ ಜಾಸ್ತಿ ದೈವಶಾಸ್ತ್ರ ಬೇಡ.

ಬೆಳಗ್ಗೆ ವಿಚಾರಣಾ ಗುರುಗಳು ಕೆಸರು ಮೆತ್ತಿದ ಚಪ್ಪಲಿಯಲ್ಲೇ ಓಡಿ ಬಂದರು, ರೋಗಿಗಳ ಅಭ್ಯಂಗ, ಅಂದರೆ ಪವಿತ್ರ ತೈಲ ಹಚ್ಚುವ ಸಂಸ್ಕಾರ, ಕೊಟ್ಟರು. ಅಣ್ಣ ಗೋಡೆಗೆ ಒತ್ತಿ ನಿಂತು ಎಲ್ಲರ ಜೊತೆ ಆಮೆನ್ ಅಂದರು. ಅದು ಅವರು ಕೊಡುವ ಹಾಗಿಲ್ಲ, ಆ ಕಿಟಕಿ ಅಷ್ಟು ದೊಡ್ಡದಿಲ್ಲ. ಆಪರೇಷನ್ ಮುಗಿದು ನಾನು ಕಣ್ಣು ಬಿಟ್ಟಾಗ ಅವರು ಹೊರಟಾಗಿತ್ತು, ಅಂಗಡಿ ತೆರೀಬೇಕಿತ್ತು. ಆಮೇಲೆ ಆರು ಭಾನುವಾರ ಬಂದರು. ಪ್ರತಿ ಸಲ ಬಾಳೆಹಣ್ಣು.

ಹದಿನೇಳನೇ ದಿನ ಅವ್ವ ಬಿಸಿ ರೊಟ್ಟಿ ತಂದಳು, ಹಾಲಿನಲ್ಲಿ ನೆನೆಸಿ ಕೊಟ್ಟಳು. ನಾನು ಪರಲೋಕ ಮಂತ್ರ ಶುರು ಮಾಡಿದೆ, ಅನುದಿನದ ಆಹಾರ ಅನ್ನೋ ತನಕ ಬಂದು ನಿಂತುಬಿಟ್ಟೆ. ಅವ್ವ ಉಳಿದದ್ದನ್ನು ಹೇಳಿ ಮುಗಿಸಿದಳು. ಪ್ರಾಯಶ್ಚಿತ್ತ ಲೆಕ್ಕಕ್ಕೆ ಬಂತೋ ಇಲ್ಲವೋ ಅಂತ ಸಂಜೆ ಒಬ್ಬನೇ ಇನ್ನೊಂದು ಸಲ ಪೂರ್ತಿ ಹೇಳಿದೆ.

ಹೋದ ತಿಂಗಳು ಅಣ್ಣನ ಅಂಗಡಿಗೆ ಹೋಗಿದ್ದೆ. ಆಧಾರ್ ಕಾರ್ಡು ಹಿಡಿದವರ ಸಾಲು, ಮಿಷನ್ನಿನ ಸದ್ದು. ಜನ ಕಡಿಮೆಯಾದ ಮೇಲೆ, ಅಣ್ಣ, ಆವತ್ತು ರಾತ್ರಿ ನಾನು ಹೇಳಿದ ಪತ್ರದ ವಿಷಯ, ಏನು ಮಾಡಲಿ ಅಂತ ಕೇಳಿದೆ. ಅವರು ಕಾಗದದ ಬಂಡಲನ್ನು ಮೇಜಿಗೆ ಕುಟ್ಟಿ ಅಂಚು ಸರಿ ಮಾಡುತ್ತಿದ್ದರು. "ಆವತ್ತು ಮಳಿ ಭಾಳ ಇತ್ತು ನೋಡು" ಅಂದರು. ಅಷ್ಟೇ. ನಿವೇದನೆಯಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಬೇಕು ಅನ್ನೋದು ಗುರುಗಳಿಗೆ ಬಿಟ್ಟೂಬಿಡದ ನಿಯಮ, ಹೇಳಿದವನೇ ಬಂದು ಎತ್ತಿದರೂ ಅವರು ಅದರ ಹತ್ತಿರ ಬರಲಿಲ್ಲ. ಆಮೇಲೆ ಚಹಾ ತರಿಸಿದರು, ಖಾರಾ ತರಿಸಿದರು. ಮಗಳು ಸ್ಕೂಲಿನಿಂದ ಬಂದು, ಇವ್ರ್ಯಾರಪ್ಪ ಅಂತ ಕೇಳಿದಳು. "ನಿಮ್ಮ ಕಾಕಾ" ಅಂದರು.

ಪತ್ರ ಈಗಲೂ ಪುಸ್ತಕದಲ್ಲೇ ಇದೆ. ಕಳಿಸಿಲ್ಲ, ಹರಿದೂ ಇಲ್ಲ. ಪುಟ ತಿರುವುವಾಗ ಸಿಗುತ್ತದೆ, ಮುಂದೆ ಸರಿಸಿ ಓದುತ್ತೇನೆ. ಧರ್ಮಾಧ್ಯಕ್ಷರ ಹತ್ತಿರ ಬಾಯಿಮಾತಲ್ಲಿ ಎಲ್ಲ ಹೇಳಿದ್ದೇನೆ. ಇನ್ನು ಮುಂದೆ ರಾತ್ರಿ ಊಟ ಒಬ್ಬನೇ ಮಾಡೋದು ಬೇಡ ಅಂತ ಪಕ್ಕದ ವಿಚಾರಣೆಯ ಫಾದರ್ ಜೊತೆ ಇರುವ ಹಾಗೆ ವ್ಯವಸ್ಥೆ ಮಾಡಿದ್ದಾರೆ. ಅವರು ಗೊರಕೆ ಹೊಡೆಯುತ್ತಾರೆ, ಅದೊಂದು ಬಿಟ್ಟರೆ ಎಲ್ಲ ಆರಾಮ.

ಅಣ್ಣ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು, ಓದಿ ಏನೂ ಹೇಳೋದಿಲ್ಲ ಅಂತಲೂ ಗೊತ್ತು. ಆವತ್ತು ನಲ್ಲಿ ಹತ್ತಿರ ಹೇಳಬೇಕಿದ್ದ ನಮಸ್ಕಾರ ಇದು. ತಡವಾಯ್ತು.

ಭಾನುವಾರ ಬೆಳಗ್ಗೆ 8 ಗಂಟೆಗೆ ಪೂಜೆ, ಎಲ್ಲರೂ ಬನ್ನಿ. ಊಟ ಚರ್ಚಿನ ಅಂಗಳದಲ್ಲೇ, ಅವ್ವನ ಪುಂಡಿಪಲ್ಯ ಇದೆ, ಕೋಳಿಯೂ ಇದೆ. ಹೂವಿನ ಹಾರ, ಶಾಲು ದಯವಿಟ್ಟು ತರಬೇಡಿ. ಮುಂದಿನ ಬೆಂಚಿನಲ್ಲಿ ಅವ್ವನ ಪಕ್ಕ ಮೂರು ಜನರ ಜಾಗ ಇಟ್ಟಿದ್ದೇವೆ, ಅಲ್ಲಿ ಯಾರೂ ಕೂರಬೇಡಿ. ಬೀದರಿನ ಬಸ್ಸು ಸ್ವಲ್ಪ ತಡ ಆಗಬಹುದು.